ತೊಟ್ಟು ಬಿಡಿಸುವ ಯಂತ್ರ

“ಯಕ್ಕಾ, ಮತ್ತ ಒಡದಾವು ನೋಡ!”

ನಾಗಲಕ್ಷ್ಮಿ ಯಂತ್ರದ ಕೆಳಗಿದ್ದ ಬುಟ್ಟಿಯನ್ನು ಎಳೆದಳು. ತೊಟ್ಟೇನೋ ಹೋಗಿತ್ತು. ಆದರೆ ಮೆಣಸಿನಕಾಯಿಗಳು ಪುಡಿಪುಡಿಯಾಗಿ ಬೀಜವೆಲ್ಲ ಚೆಲ್ಲಿತ್ತು. ನಿರ್ಮಲಕ್ಕ ಎರಡು ಸಲ ಸೀನಿ ಅಂಗಳದಲ್ಲೇ ಕುಕ್ಕರಿಸಿದಳು.

“ನಾಳೆ ಡೆಮೊ ಐತಿ. ಸರ್ ಮುಂದ ಮಾನ ಹೋಗತೈತಿ.”

ನಿರ್ಮಲಕ್ಕ ಹಾವೇರಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಜೊತೆಗೆ ಸಮಾಜಶಾಸ್ತ್ರವನ್ನೂ ತೆಗೆದುಕೊಂಡಿದ್ದಳು. ಇಂಜಿನಿಯರ್‌ಗೆ ಅದೇಕೆ ಎಂದು ಓಣಿಯವರೆಲ್ಲ ನಗುತ್ತಿದ್ದರು.

“ಯಂತ್ರ ಮಾಡೂದು ಒಂದು ಓದು. ಅದು ಬಂದ ಮ್ಯಾಲ ಮಂದಿಗೆ ಏನಾಗತೈತಿ ಅನ್ನೂದು ಇನ್ನೊಂದು ಓದು. ನನಗ ಎರಡೂ ಬೇಕು,” ಎನ್ನುತ್ತಿದ್ದಳು ಅಕ್ಕ.

ಅವಳ ಪ್ರಾಜೆಕ್ಟ್‌ನಲ್ಲೂ ಎರಡು ಭಾಗವಿತ್ತು. ಒಂದು ಈ ಯಂತ್ರ. ಇನ್ನೊಂದು, ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ತೊಟ್ಟು ಬಿಡಿಸುವ ಹೆಂಗಸರನ್ನು ಮಾತಾಡಿಸಿ ಬರೆದ ಇಪ್ಪತ್ತು ಹಾಳೆ. ಅಕ್ಕ-ತಂಗಿಯರ ಅವ್ವ ಗುಡ್ಡವ್ವ ಆ ಹೆಂಗಸರಲ್ಲಿ ಒಬ್ಬಳು. ಯಂತ್ರವನ್ನು ಹೆಂಗಸರಿಗೇ ಕೊಡಬೇಕು, ಅವರೇ ನಡೆಸಬೇಕು, ಆಗ ಯಾರ ಕೆಲಸವೂ ಹೋಗುವುದಿಲ್ಲ ಎಂದು ಅಕ್ಕ ಅದರಲ್ಲಿ ಬರೆದಿದ್ದಳು.

ಅಕ್ಕನ ಸಪ್ಪೆ ಮುಖ ನೋಡಲಾಗದೆ ನಾಗಲಕ್ಷ್ಮಿ ಹೇಳಿದಳು: “ಅವ್ವ ಮೊದಲ ನೀರು ಚಿಮುಕಸ್ತಾಳ ಯಕ್ಕಾ. ಚೀಲ ಮುಚ್ಚಿ ಒಂದ್ ತಾಸು ಬಿಡ್ತಾಳ. ಆಮ್ಯಾಲ ಬಿಡಸ್ತಾಳ.”

ಅಕ್ಕ ಹಾಗೇ ಮಾಡಿದಳು. ಈ ಸಲ ಒಂದು ಕಾಯಿಯೂ ಒಡೆಯಲಿಲ್ಲ. ಐದನೇ ಕ್ಲಾಸಿನ ಪೋರಿ ಇಂಜಿನಿಯರ್‌ಗೇ ಪಾಠ ಹೇಳಿದ್ದಳು! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಅವ್ವ ಕೆಲಸ ಮಾಡುವ ಶಿವಾನಂದ ಸಾಹುಕಾರರ ಗೋದಾಮಿನಲ್ಲಿ ಡೆಮೊ. ಅಕ್ಕನ ಕಾಲೇಜಿನಿಂದ ಆನಂದತೀರ್ಥ ಸರ್ ಬಂದಿದ್ದರು. ಹತ್ತು ಹೆಂಗಸರು ಅರ್ಧ ಚೀಲ ಬಿಡಿಸುವಷ್ಟರಲ್ಲಿ ಯಂತ್ರ ಒಂದು ಚೀಲ ಮುಗಿಸಿತು. ನಾಗಲಕ್ಷ್ಮಿ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದಳು.

“ಭಾರೀ ಆತು! ಇದನ್ನ ಇಲ್ಲೇ ಬಿಟ್ಟು ಹೋಗ್ರಿ ಸರ್. ರೊಕ್ಕ ಕಾಲೇಜಿಗೆ ಕಳಸ್ತೇನಿ,” ಎಂದರು ಸಾಹುಕಾರರು.

ಅಕ್ಕ ಹಾಳೆಗಳನ್ನು ತೆಗೆದಳು. “ಸಾವ್ಕಾರ್ರ, ಇನ್ನೊಂದು ಭಾಗ ಐತ್ರಿ. ಓದ್ಲೇನ್ರಿ?”

“ಅದನ್ನ ನಿಮ್ಮ ಸಮಾಜಶಾಸ್ತ್ರದ ಮೇಡಂಗ ಕೊಡು,” ಎಂದರು ಆನಂದತೀರ್ಥ ಸರ್. “ಇಲ್ಲಿ ಯಾಕ?”

“ಎರಡೂ ಒಂದ ಪ್ರಾಜೆಕ್ಟ್ ಅಲ್ಲೇನ್ರಿ ಸರ್?”

“ಯಂತ್ರ ಕಾಲೇಜಿಂದು ನಿರ್ಮಲಾ. ಯಾರಿಗೆ ಕೊಡಬೇಕಂತ ನಾವು ನೋಡ್ಕೊಂತೇವಿ.”

ಸಾಹುಕಾರರು ಹೆಂಗಸರ ಕಡೆ ತಿರುಗಿದರು. “ಸೋಮವಾರದಿಂದ ಇಬ್ಬರು ಬಂದ್ರ ಸಾಕ್ರವಾ,” ಎಂದು ಇಬ್ಬರು ಹರೆಯದ ಹುಡುಗಿಯರನ್ನು ತೋರಿಸಿದರು. ಅವ್ವನ ಕಡೆ ನೋಡಲಿಲ್ಲ.

ಅವ್ವನ ಪಕ್ಕದ ಮುದುಕಿ ಮರಿಯವ್ವ ಒದ್ದೆ ಚೀಲವನ್ನು ಮುಟ್ಟಿ ನೋಡಿದಳು. “ನೀರು ಚಿಮುಕಸೂದು ಇದಕ್ಕ ಯಾರು ಹೇಳಿಕೊಟ್ರೋ ಏನೋ,” ಎಂದಳು.

ನಾಗಲಕ್ಷ್ಮಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಅತ್ತಳು. “ನಿನ್ನ ಕೈ ಉರಿ ಕಡಿಮಿ ಆಗ್ಲಿ ಅಂತ ಮಾಡಿದ್ನೆವಾ. ಎರಡೂ ಓದಿದ್ನಿ. ಎರಡನೇದ್ದು ಯಾರಿಗೂ ಬೇಕಾಗ್ಲಿಲ್ಲ.”

“ಯಂತ್ರ ಛಲೋ ಮಾಡೀದಿ ಬಿಡ,” ಎಂದಳು ಅವ್ವ. ಅಕ್ಕನ ಅಳು ಇನ್ನೂ ಜೋರಾಯಿತು.

ಸೋಮವಾರ ನಾಗಲಕ್ಷ್ಮಿ ಶಾಲೆಯಿಂದ ಬಂದಾಗ ಅವ್ವ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು. ಆ ಹೊತ್ತಿಗೆ ಅವಳು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ನಾಗಲಕ್ಷ್ಮಿ ಓಡಿಹೋಗಿ ಅವಳ ಮಡಿಲಿಗೆ ಬಿದ್ದಳು.

“ನಾನ ಹೇಳಿಕೊಟ್ಟಿದ್ನೆವಾ. ನೀರಿಂದು ನಾನ ಹೇಳಿದ್ನಿ.”

“ಗೊತ್ತೈತಿ ಬಿಡವಾ.”

ಅವ್ವ ಮಗಳ ಕಣ್ಣನ್ನು ಅಂಗೈಯಿಂದ ಒರೆಸಿದಳು. ಎಷ್ಟು ತೊಳೆದರೂ ಅವ್ವನ ಕೈಯ ಖಾರ ಹೋಗುತ್ತಿರಲಿಲ್ಲ. ಅದಕ್ಕೇ ಅವಳು ಮಕ್ಕಳ ಮುಖವನ್ನು ಯಾವತ್ತೂ ಸೆರಗಿನಿಂದಲೇ ಒರೆಸುತ್ತಿದ್ದಳು.

ಇವತ್ತು ಕಣ್ಣು ಉರಿಯಲೇ ಇಲ್ಲ. ನಾಗಲಕ್ಷ್ಮಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಅಳು ನಿಲ್ಲಲಿಲ್ಲ.