ಗ್ಯಾನಿಮೀಡಿನ ಮಡಿನೀರು

ಗುರುಗ್ರಹದ ಅತಿದೊಡ್ಡ ಚಂದ್ರ ಗ್ಯಾನಿಮೀಡಿನ ಹಿಮದೊಳಗೆ ಕಾವುಗೋಲು ಮೂರು ವರ್ಷದಿಂದ ಇಳಿಯುತ್ತಲೇ ಇತ್ತು. ಆಳೆತ್ತರದ ಆ ಲೋಹದ ಕೋಲು ಒಡಲಿನ ಅಣುಶಾಖದಿಂದ ಮಂಜುಗಡ್ಡೆ ಕರಗಿಸಿ ತಾನೇ ದಾರಿ ಮಾಡಿಕೊಳ್ಳುತ್ತದೆ. 2068ರ ಆ ಬೆಳಿಗ್ಗೆ ಅದು ನೂರೈವತ್ತು ಕಿಲೋಮೀಟರ್ ದಾಟಿ, ಯಾರೂ ಕಾಣದ ಕಡಲಿಗೆ ಮೂತಿ ಇಟ್ಟಿತು. ಮೊದಲ ಹನಿಯಲ್ಲೇ ಜೀವಾಣು ಸಿಕ್ಕಿತು.

ಇಲ್ಲಿ ಬಾಹ್ಯಾಕಾಶ ಕೇಂದ್ರದ ತುಂಬ ಪೇಡೆ ಹಂಚಿದರು. ಕಾವುಗೋಲನ್ನು ಕಂಡುಹಿಡಿದ ಚಿತ್ಕಲಾ ಮಾತ್ರ ಪೇಡೆ ಮುಟ್ಟದೆ ಜೀವಾಣುವಿನ ಡಿಎನ್‌ಎ, ಅಂದರೆ ಅದರ ಕುಲದ ಗುರುತು, ನೋಡುತ್ತ ಕೂತಳು. ಅದು ಗುರುಗ್ರಹದ ಕಡೆಯದೇ ಅಲ್ಲ. ನಮ್ಮ ಅಡುಗೆಮನೆಯ ಮೊಸರಿನದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉಡಾವಣೆಗೆ ಮೊದಲು ಕೋಲನ್ನು ಅವಳೇ ಎಪ್ಪತ್ತು ಗಂಟೆ ಕಾಯಿಸಿ, ಒಂದು ಸೂಕ್ಷ್ಮಾಣುವೂ ಉಳಿಯದಂತೆ ಮಾಡಿ, ಸಹಿ ಹಾಕಿದ ಮೊಹರು ಅಂಟಿಸಿದ್ದಳು. ಅಜ್ಜಿ ಮಡಿನೀರಿನ ಬಿಂದಿಗೆಯನ್ನು ಕಾದ ಹಾಗೆ ಕಾದಿದ್ದಳು. ಈಗ ನೇರವಾಗಿ ನಿರ್ದೇಶಕ ಪರಶಿವಯ್ಯನವರ ಕೋಣೆಗೆ ನುಗ್ಗಿ ಗೋಡೆಯ ಫೋಟೋ ಇಳಿಸಿದಳು. ಅವರೂ ಮಂತ್ರಿಗಳೂ ಕೋಲಿನ ತುದಿಗೆ ಉದ್ಧರಣೆಯಿಂದ ಪಂಚಾಮೃತ ಬಿಡುತ್ತಿರುವ ಫೋಟೋ. ಪೂಜೆಯಾದದ್ದು ಪ್ರದರ್ಶನದ ಮಾದರಿಗೆ ಎಂದು ಒಂಬತ್ತು ವರ್ಷ ಅವಳನ್ನು ನಂಬಿಸಿದ್ದರು. ಫೋಟೋದ ಮೂಲೆಯಲ್ಲಿ ಹರಿದು ಬಿದ್ದಿದ್ದ ಮೊಹರಿನ ಮೇಲೆ ಅವಳದೇ ಸಹಿಯಿತ್ತು.

ಸ್ಪಿರಿಟ್ಟಿನಲ್ಲಿ ಒರೆಸಿದ್ದೆವಲ್ಲ ಎಂದರು ಅವರು, ತಲೆ ಎತ್ತದೆ. ಜೀವ ಸಿಕ್ಕಿದ ಸುದ್ದಿ ಸಂಜೆ ಜಗತ್ತಿಗೇ ಸಾರುವುದಿತ್ತು, ಅದಕ್ಕೆ ಕಲ್ಲು ಹಾಕಬೇಡವೆಂದು ಬೇಡಿಕೊಂಡರು.

“ಪೂಜೆ ನಾನೂ ಮಾಡ್ತೀನಿ ಸರ್. ಕಾಲು ತೊಳೀದೆ ದೇವರ ಮನೆಗೆ ಹೋಗದೋರು ನೀವು. ಇದನ್ನ ಹ್ಯಾಗೆ ಮುಟ್ಟಿದ್ರಿ?”

“ಅಷ್ಟು ದೊಡ್ಡ ಸಮುದ್ರ ಕಣಮ್ಮ. ಭೂಮಿ ಮೇಲಿರೋ ನೀರಿಗಿಂತ ಜಾಸ್ತಿ. ಒಂದು ತೊಟ್ಟು ಏನು ಮಾಡೀತು?”

“ಹಂಡೆ ಹಾಲಿಗೆ ಹೆಪ್ಪು ಎಷ್ಟು ಬೇಕು ಸರ್?”

ಚಿತ್ಕಲಾ ಹೊರಬಂದು, ಸುತ್ತಲಿನ ನೀರು ಮತ್ತೆ ಮಂಜಾಗಲೆಂದು ಕೋಲಿನ ಕಾವು ಆರಿಸುವ ಆಜ್ಞೆಯನ್ನು ತಾನೇ ಕಳಿಸಿದಳು. ಇಪ್ಪತ್ತು ವರ್ಷದ ಅವಳ ದುಡಿಮೆ ಅಲ್ಲೇ ಮಂಜಿನಲ್ಲಿ ಹೂತುಹೋಗಲಿತ್ತು. ಆಜ್ಞೆ ಅಲ್ಲಿಗೆ ಮುಟ್ಟಲು ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಕೋಲಿನ ಸುತ್ತಲಿನ ಬೆಚ್ಚಗಿನ ನೀರಿನಲ್ಲಿ ಜೀವಾಣುಗಳು ಮತ್ತೊಮ್ಮೆ ಇಮ್ಮಡಿಸುತ್ತವೆ.

ಕಾಯುತ್ತ ಕೂತವಳಿಗೆ ಪರಶಿವಯ್ಯನವರ ಆ ಮಾತನ್ನು ಮೊದಲು ಕೇಳಿದ್ದು ಎಲ್ಲೆಂದು ನೆನಪಾಯಿತು. 2026ರ ಗಣಪತಿ ಹಬ್ಬ. ಅವಳಿಗೆ ಆರು ವರ್ಷ. ಬಣ್ಣ ಬಳಿದ ಗಣಪನನ್ನು ಬಿಡಲು ಊರೆಲ್ಲ ಸಾಲುಗಟ್ಟಿ ನಿಂತಿತ್ತು. ಇಷ್ಟು ದೊಡ್ಡ ಕೆರೆ, ಒಂದು ಗಣಪ ಏನು ಮಾಡೀತು ಎಂದಿದ್ದರು ಅಪ್ಪ. ಸಾಲಿನಲ್ಲಿದ್ದ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಆ ಕೆರೆ ಈಗಿಲ್ಲ. ಅವತ್ತು ಗಣಪನನ್ನು ನೀರಿಗೆ ಬಿಟ್ಟವಳು ಅವಳೇ.