ತಳ್ಳಿಕೊಂಡು ಹೋದ ಸ್ಕೂಟರ್

ಪೊಲೀಸ್ ಕೆಲಸವನ್ನೋ ಬ್ಯಾಟರಿ ಕೆಲಸವನ್ನೋ ಪೂರ್ತಿ ಬಲ್ಲವರು ಈ ಕತೆಯನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದರು. ಅವರಾರೂ ಹೇಳಲಿಲ್ಲವೆಂದು ಹೇಳಲು ಹೊರಟಿದ್ದೇನೆ. ತಪ್ಪು ಕಂಡರೆ ದಯವಿಟ್ಟು ಕ್ಷಮಿಸಬೇಕು. ಕಾಟ್ಟುಪಾರದ ಜನ ಇದನ್ನು ನೆನೆಯುವಾಗ ಯಾರನ್ನೂ ಬೈಯುವುದಿಲ್ಲ. ಆ ಒಂದು ಕಾರಣಕ್ಕಾದರೂ ಇದು ಉಳಿಯಲಿ ಅನ್ನಿಸಿತು.

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 9.40. ಕೇರಳದ ಇಡುಕ್ಕಿ ಜಿಲ್ಲೆಯ ಕಾಟ್ಟುಪಾರ ಠಾಣೆಗೆ ಉಪಶಮನ ಶುಶ್ರೂಷೆಯ ನರ್ಸ್ ಸಾಲಿಕ್ಕುಟ್ಟಿ ದೂರು ಹಿಡಿದು ಬಂದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ನೋವಿನ ಮಾತ್ರೆ ಕೊಟ್ಟು ಬರುವುದು ಅವರ ಕೆಲಸ. ಐವತ್ತು ದಾಟಿದ ಹೆಂಗಸು. ಇನ್ಸ್‌ಪೆಕ್ಟರ್ ಸುಗತನ್ ಎದ್ದು ನಿಂತು ಕುರ್ಚಿ ತೋರಿಸಿದರು. ಊರಿನಲ್ಲಿ ಎಲ್ಲರೂ ಆ ನರ್ಸಿಗೆ ಎದ್ದು ನಿಲ್ಲುತ್ತಾರೆ.

"ನನ್ನ ಸ್ಕೂಟರ್ ಹೋಯ್ತು ಸಾರ್. ನಿನ್ನೆ ಮಧ್ಯಾಹ್ನ ಒಂದರಿಂದ ಮೂರರ ಒಳಗೆ. ಆರೋಗ್ಯ ಉಪಕೇಂದ್ರದ ಹಿಂದೆ ನಿಲ್ಲಿಸಿ ಮೇಲೆ ಮೀಟಿಂಗಿಗೆ ಹೋಗಿದ್ದೆ."

"ಪೈಲಿ ಆಶಾನ್ ಮಾಡಿಕೊಟ್ಟಿದ್ದಾ?"

"ಅದೇ. ಬೇರೆ ಯಾವುದಿದೆ ನನಗೆ?"

"ಕೀ?"

"ಅದರಲ್ಲೇ ಇತ್ತು. ಇಲ್ಲಿ ಯಾರು ಸಾರ್ ಕೀ ತೆಗೀತಾರೆ?"

ಆ ಸ್ಕೂಟರನ್ನು ಗುರುತಿಸದವರು ಆ ಬೆಟ್ಟದಲ್ಲಿ ಇರಲಿಲ್ಲ. ಹಳೇ ಜೀಪಿನ ಕೊಳವೆಗಳನ್ನು ಬಗ್ಗಿಸಿ ಬೆಸೆದ ಚೌಕಟ್ಟು, ಟಿಲ್ಲರಿನದರಂತೆ ಗಡ್ಡೆಗಡ್ಡೆ ಹಲ್ಲಿನ ಟೈರು, ಹಿಂದಿನ ಚಕ್ರದೊಳಗೇ ಕೂತ ಮೋಟಾರು, ಏಲಕ್ಕಿ ಒಣಗಿಸುವ ಗೂಡಿನ ತಗಡಿನಲ್ಲಿ ಮಾಡಿದ ಬ್ಯಾಟರಿ ಪೆಟ್ಟಿಗೆ. ಸದ್ದಿಲ್ಲ, ಹೊಗೆಯಿಲ್ಲ. ಕಲ್ಲು, ಬೇರು, ತೊರೆ ಯಾವುದನ್ನೂ ಲೆಕ್ಕಿಸದೆ ಹತ್ತುತ್ತಿತ್ತು. ಜೀಪುಗಳು ಮೋರಿ ಕುಸಿದ ಜಾಗದವರೆಗೆ ಮಾತ್ರ ಹೋಗುತ್ತವೆ. ಅಲ್ಲಿಂದ ಬೆಟ್ಟದ ಮೇಲಿನ ಮೇಲೇಕುಡಿ ಹಳ್ಳಿಗೆ ನಾಲ್ಕು ಕಿಲೋಮೀಟರ್ ಒಂಟಿ ಕಾಲುದಾರಿ.

ಪೈಲಿ ಜೀಪು ರಿಪೇರಿಯ ಆಶಾನ್, ಅಂದರೆ ಗುರು. ಆ ಸೀಮೆಯ ಅರ್ಧ ಮೆಕ್ಯಾನಿಕರು ಅವರ ಕೈಯಲ್ಲೇ ಕಲಿತವರು. ಹೆಂಡತಿ ತ್ರೇಸ್ಯಾಗೆ ಗರ್ಭಕೋಶದ ಕ್ಯಾನ್ಸರ್ ಆದಾಗ ಸಾಲಿಕ್ಕುಟ್ಟಿ ಎರಡು ವರ್ಷ ಮನೆಗೆ ಬಂದು ನೋಡಿಕೊಂಡಿದ್ದರು. ತ್ರೇಸ್ಯಾ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಓಣಂ ದಿನ, ಚರ್ಚಿನ ಅಂಗಳದಲ್ಲಿ ಊರವರ ಮುಂದೆ ಆಶಾನ್ ಈ ಸ್ಕೂಟರನ್ನು ನರ್ಸಿನ ಕೈಗೊಪ್ಪಿಸಿದ್ದರು.

ಎಫ್‌ಐಆರ್ ಬರೆಯಲು ಕೂತ ಸಿವಿಲ್ ಪೊಲೀಸ್ ಆಫೀಸರ್ ರಹಿಯಾನತ್ ತಲೆ ಎತ್ತಿದಳು. "ಸಾರ್, ವಾಹನ ಅಂತ ಬರೆದರೆ ನೋಂದಣಿ ಸಂಖ್ಯೆ ಕೇಳುತ್ತೆ. ಇದಕ್ಕೆ ಹುಟ್ಟಿದ ದಾಖಲೆಯೇ ಇಲ್ಲ."

"ದಂಡ ಹಾಕೋದಾದ್ರೆ ಆಮೇಲೆ ಹಾಕಿ, ಮೊದಲು ಹುಡುಕಿ ಕೊಡಿ" ಎಂದರು ಸಾಲಿಕ್ಕುಟ್ಟಿ. "ಗುರುವಾರ ಮೇಲೇಕುಡಿಯ ಮಲಯಾಂಡಿಗೆ ಮಾತ್ರೆ ಮುಗಿಯುತ್ತೆ. ಆ ಮಾತ್ರೆ ಬೇರೆಯವರ ಕೈಲಿ ಕಳಿಸೋ ಹಾಗಿಲ್ಲ, ಎಣಿಸಿ ನಾನೇ ಕೊಡಬೇಕು. ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿದೆ ಅವನಿಗೆ. ಒಂದು ಹೊತ್ತು ತಪ್ಪಿದರೂ ಸಹಿಸಲಾರ."

ಸುಗತನ್ ಸ್ವಲ್ಪ ಯೋಚಿಸಿ ಹೇಳಿದರು: "ಸ್ವಂತ ತಯಾರಿಕೆಯ, ವಿದ್ಯುತ್ ಚಾಲಿತ, ಎರಡು ಚಕ್ರದ ಸಾಧನ. ಬರಿ." ಹಾಗೆ ಅಪರಾಧ ಸಂಖ್ಯೆ 57/2025 ದಾಖಲಾಯಿತು.

11.15ಕ್ಕೆ ಸ್ಥಳ ಮಹಜರು. ಸಾಕ್ಷಿಗಳಾಗಿ ಇಬ್ಬರು ಜೀಪು ಚಾಲಕರು. ಉಪಕೇಂದ್ರದ ಹಿಂದಿನ ಬೆಂಚಿನ ಮೇಲೆ ನರ್ಸಿನ ಮದ್ದಿನ ಪೆಟ್ಟಿಗೆ, ಹೆಲ್ಮೆಟ್, ನೀರಿನ ಬಾಟಲಿ ಹಾಗೇ ಇದ್ದವು. ಅವುಗಳ ಮೇಲೆ ಧೂಳು ಬೀಳದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು.

"ಇದನ್ನು ಹೊದಿಸಿದ್ದು ನೀವಾ ಸಿಸ್ಟರ್?"

"ನಾನಲ್ಲ. ಪೆಟ್ಟಿಗೆ ಸ್ಕೂಟರಿಗೇ ಕಟ್ಟಿತ್ತು. ನಿನ್ನೆ ಬಂದಾಗ ಹೀಗೇ ಇತ್ತು, ನೀವು ನೋಡಲಿ ಅಂತ ಮುಟ್ಟಲಿಲ್ಲ."

"ಒಳ್ಳೇ ಸಂಸ್ಕಾರವಂತ ಕಳ್ಳ" ಎಂದ ಒಬ್ಬ ಚಾಲಕ. "ಮನೆಗೆ ಹೋಗೋ ಮುಂಚೆ ಕಸ ಗುಡಿಸಿಲ್ವಾ ನೋಡಿ."

ಹಿಂದಿನ ಮಣ್ಣುದಾರಿಯ ಧೂಳಿನಲ್ಲಿ ಗಡ್ಡೆ ಟೈರಿನ ಗುರುತು ಸ್ಪಷ್ಟವಾಗಿತ್ತು. ರಹಿಯಾನತ್ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಸಾರ್, ಎಡಗಡೆ ಚಪ್ಪಲಿ ಗುರುತು ನೋಡಿ. ಹತ್ತಿ ಹೋಗಿಲ್ಲ, ತಳ್ಳಿಕೊಂಡು ಹೋಗಿದಾನೆ."

ಅರ್ಧ ಕಿಲೋಮೀಟರ್ ಆ ಗುರುತಿನ ಹಿಂದೆ ನಡೆದರು. ಸಮತಟ್ಟಿನಲ್ಲೂ ತಳ್ಳಿದ್ದ. ಇಳಿಜಾರಿನಲ್ಲೂ ತಳ್ಳಿದ್ದ. ಏಲಕ್ಕಿ ತೋಟದ ಏರಿನಲ್ಲಿ ಚಪ್ಪಲಿ ಎರಡು ಕಡೆ ಜಾರಿತ್ತು, ಆದರೂ ಹತ್ತಿ ಕೂತಿರಲಿಲ್ಲ. ಆಮೇಲೆ ಬೋಳು ಹಾಸುಬಂಡೆ. ಅಲ್ಲಿ ಗುರುತು ಮುಗಿಯಿತು. ಬಂಡೆಯಾಚೆ ಮೂರು ದಾರಿ.

"ಚಾರ್ಜು ಎಷ್ಟಿತ್ತು?"

"ಪೂರ್ತಿ" ಎಂದರು ಸಾಲಿಕ್ಕುಟ್ಟಿ.

"ಕೀ ಕೈಲಿ, ಹೊಟ್ಟೆ ತುಂಬ ಚಾರ್ಜು, ಓಡಿ ಹೋಗೋ ತರಾತುರಿ. ಆದರೂ ತಳ್ಳಿದ" ಎಂದರು ಸುಗತನ್. "ಯಾಕೆ?"

"ಓಡಿಸಕ್ಕೆ ಬರಲ್ಲವೇನೋ" ಎಂದಳು ರಹಿಯಾನತ್. ಹಾಗೆಂದವಳಿಗೇ ನಂಬಿಕೆ ಬರಲಿಲ್ಲ.

ಸುಗತನ್ ಆ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಸಾಲಾಗಿ ಬರೆದುಕೊಂಡರು. ತಾನು ಏನನ್ನೋ ಬಿಟ್ಟಿದ್ದೇನೆ ಎಂಬ ಅಂಜಿಕೆ ಅವರಿಗೆ ಪ್ರತಿ ಕೇಸಿನಲ್ಲೂ ಇರುತ್ತಿತ್ತು. ಈ ಕೇಸಿನಲ್ಲಿ ಅದು ಸ್ವಲ್ಪ ಹೆಚ್ಚೇ ಇತ್ತು.

12ನೇ ತಾರೀಕು, ಬುಧವಾರ, 10.30ಕ್ಕೆ ಸ್ಕೂಟರಿನ ವಿವರ ಪಡೆಯಲು ಪೈಲಿಯ ವರ್ಕ್‌ಶಾಪಿಗೆ ಹೋದರು. ಅರವತ್ತೆರಡರ ಆಶಾನ್ ಕೈ ಒರೆಸಿಕೊಂಡು ಬಂದು ಎರಡು ಲೋಟ ಕಪ್ಪು ಚಹಾ ತರಿಸಿದರು. ತಾವು ಕುಡಿಯಲಿಲ್ಲ.

"ತೂಕ?"

"ಐವತ್ತೆಂಟು ಕಿಲೋ."

"ಬ್ಯಾಟರಿಯಲ್ಲಿ ಎಷ್ಟು ಸೆಲ್?"

"ನೂರ ನಾಲ್ಕು."

"ಹೊಸವಾ?"

ಆಶಾನ್ ಪಾನಾ ಒಂದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟರು. "ಹೊಸವು ಅಂತ ತಂದೆ."

"ಯಾರ ಮೇಲಾದರೂ ಅನುಮಾನ?"

"ಇಲ್ಲ."

ಸುಗತನ್ 'ಹೊಸ ಸೆಲ್' ಎಂದು ಬರೆದುಕೊಂಡರು. ಹೊರಡುವಾಗ ಹಿಂಬದಿಯ ಗೋಡೆ ಕಣ್ಣಿಗೆ ಬಿತ್ತು. ಇಡೀ ಶೆಡ್ಡು ಎಣ್ಣೆಗಪ್ಪು. ಅದರ ನಡುವೆ ಒಂದು ಬಾಗಿಲಿನಷ್ಟಗಲ ಹೊಸ ಸುಣ್ಣ.

"ಅದೇನು ಆಶಾನೇ, ಮದುವೆ ಮನೆ ಹಾಗೆ?"

"ಸ್ಟೌ ಹತ್ತಿಕೊಂಡಿತ್ತು ಸಾರ್."

ಜೀಪು ಹತ್ತಿದ ಮೇಲೆ ರಹಿಯಾನತ್ ಅಂಗೈ ತೆರೆದು ತೋರಿಸಿದಳು. ಬೆರಳಿನಷ್ಟುದ್ದದ ತೆಳು ನೀಲಿ ಪ್ಲಾಸ್ಟಿಕ್ ಸುರುಳಿ, ಹಾವು ಕಳಚಿದ ಪೊರೆಯ ಹಾಗೆ. "ಕಸದ ಡಬ್ಬಿ ತುಂಬ ಇದೇ ಇದೆ ಸಾರ್. ಏನಿದು ಗೊತ್ತಾಗಲಿಲ್ಲ, ಒಂದು ತಂದೆ. ಮತ್ತೆ ಇನ್ನೊಂದು ವಿಷಯ. ನಿನ್ನೆಯಿಂದ ಎಷ್ಟು ಜನ ಠಾಣೆಗೆ ಬಂದು, ಕಳ್ಳ ಸಿಕ್ಕಿದ್ನಾ, ಯಾರವನು ಅಂತ ಕೇಳಿದ್ರು?"

"ನಲವತ್ತು ಜನ ಇರಬಹುದು."

"ಸ್ಕೂಟರ್ ಮಾಡಿಕೊಟ್ಟವರೇ ಕೇಳಲಿಲ್ಲ."

13ನೇ ತಾರೀಕು, ಗುರುವಾರ. ಬೆಳಿಗ್ಗೆ ಆರೂವರೆಗೆ ಜೀಪು ಚಾಲಕರ ಸಂಘದವರು ಸಾಲಿಕ್ಕುಟ್ಟಿಯನ್ನು ಮೋರಿಯವರೆಗೆ ಬಿಟ್ಟು ಬಂದರು. ಅಲ್ಲಿಂದ ಅವರು ಮದ್ದಿನ ಚೀಲ ಬೆನ್ನಿಗೆ ಹಾಕಿಕೊಂಡು ನಡೆದರು. ಸ್ಕೂಟರಿನಲ್ಲಿ ಏಳೂವರೆಗೆಲ್ಲ ಮೇಲೆ ತಲುಪುತ್ತಿದ್ದವರು.

ಮಧ್ಯಾಹ್ನ 12.50ಕ್ಕೆ ಹುಲ್ಲು ಕೊಯ್ಯುವ ಓಮನ ಕತ್ತಿ ಕೈಯಲ್ಲೇ ಠಾಣೆಗೆ ಬಂದಳು.

"ಹಳೇ ಕಲ್ಲುಕ್ವಾರಿಯಲ್ಲಿ ಒಂದು ಡ್ರಮ್ ಇದೆ ಸಾರ್. ಬೋರ್ಡು ಹಾಕಿದಾರೆ. ಬಾಂಬಾ ಏನು?"

"ಬೋರ್ಡಿನಲ್ಲಿ ಏನು ಬರೆದಿದೆ?"

"ಮುಟ್ಟಬೇಡಿ, ಹತ್ತಿರ ನಿಲ್ಲಬೇಡಿ ಅಂತ. ನನ್ನ ಹಸು ಅದರ ಪಕ್ಕವೇ ನಿಂತಿತ್ತು. ಅದಕ್ಕೆ ಓದಕ್ಕೆ ಬರುತ್ತಾ?"

2.20ಕ್ಕೆ ಕ್ವಾರಿಯಲ್ಲಿ ಎರಡನೇ ಮಹಜರು, ಅಗ್ನಿಶಾಮಕ ದಳದವರ ಸಮ್ಮುಖದಲ್ಲಿ. ಮನೆಗಳಿಂದ ದೂರ, ಮೂರು ಕಡೆ ಕಲ್ಲಿನ ಗೋಡೆ. ಡ್ರಮ್ಮಿನ ತುಂಬ ಒಣ ಮರಳು, ಮರಳಿನೊಳಗೆ ತಗಡಿನ ಬ್ಯಾಟರಿ ಪೆಟ್ಟಿಗೆ, ತಂತಿಯ ತುದಿಗಳಿಗೆ ಬೇರೆಬೇರೆಯಾಗಿ ಟೇಪು ಸುತ್ತಿದೆ. ತಗಡಿನ ತುಂಡಿನ ಮೇಲೆ ಬಿಳಿ ಬಣ್ಣದ ಬರಹ. ಸಾಲಿನ ಕೊನೆಯ ಅಕ್ಷರದ ಬಾಲವನ್ನು ಮೇಲಕ್ಕೆ ಸುತ್ತಿ ಬಿಟ್ಟಿತ್ತು. ಹಿಂದಿನ ದಿನ ಪೈಲಿಯ ವರ್ಕ್‌ಶಾಪಿನ ಬಾಗಿಲಲ್ಲಿ ಕಂಡಿದ್ದ 'ಬೀಡಿ ಹಚ್ಚಬೇಡಿ' ಎಂಬ ಬರಹದ ಕೈಯೂ ಅದೇ.

ಸುಗತನ್ ಟಿಪ್ಪಣಿ ಪುಸ್ತಕ ತೆಗೆದು ಬುಧವಾರದ ಪುಟ ನೋಡಿದರು. ಆಶಾನ್ ಹೇಳಿದ್ದು 'ಹೊಸವು ಅಂತ ತಂದೆ' ಎಂದು. ತಾವು ಬರೆದದ್ದು 'ಹೊಸ ಸೆಲ್' ಎಂದು. ಅಷ್ಟು ಬಿಟ್ಟಿದ್ದಕ್ಕೆ ಒಂದು ದಿನ ಹೋಗಿತ್ತು. ಅಷ್ಟರಲ್ಲಿ ಸಾಲಿಕ್ಕುಟ್ಟಿ ನಡೆದೇ ಬೆಟ್ಟ ಹತ್ತಬೇಕಾಗಿ ಬಂದಿತ್ತು.

4.10ಕ್ಕೆ ವರ್ಕ್‌ಶಾಪ್. ಹಿಂದಿನ ಕೋಣೆಯಲ್ಲಿ ಗೋಣಿ ಹೊದ್ದು ಸ್ಕೂಟರ್ ನಿಂತಿತ್ತು, ಬ್ಯಾಟರಿ ಜಾಗ ಖಾಲಿ. ಚಕ್ರಗಳನ್ನು ತೊಳೆದಿತ್ತು. ಬ್ರೇಕಿಗೆ ಹೊಸ ತಂತಿ ಹಾಕಿತ್ತು.

"ನೀವೇ ತಗೊಂಡಿದ್ದಾ?"

"ನಾನೇ."

"ಕೊಟ್ಟಿದ್ದು ನೀವೇ. ಕೊಟ್ಟ ಮೇಲೆ ಅದು ಅವರದು. ಗೊತ್ತಲ್ಲ?"

"ಗೊತ್ತು ಸಾರ್. ಕಳವು ಅಂತಲೇ ಬರೀರಿ."

"ಯಾಕೆ?"

ಆಶಾನ್ ಮೇಜಿನ ಖಾನೆಯಿಂದ ಒಂದು ಸೆಲ್ ತೆಗೆದು ತೋರಿಸಿದರು. ಹೊಳೆಯುವ ನೀಲಿ ಮೈ. ಉಗುರಿನಲ್ಲಿ ಅಂಚು ಎಬ್ಬಿಸಿ ಸಿಪ್ಪೆ ಸುಲಿದರು. ಒಳಗೆ ತುಕ್ಕು ಹಿಡಿದ ಡಬ್ಬಿ, ಅದರ ಮೇಲೆ ಹಳೆಯ ಬೆಸುಗೆಯ ಗಾಯ.

"ಗುಜರಿಯ ಸೆಲ್ಲಿಗೆ ಹೊಸ ಅಂಗಿ ಹಾಕಿ ಮಾರಿದಾರೆ. ಒಂದನ್ನಾದರೂ ಸುಲಿದು ನೋಡಬೇಕಿತ್ತು. ಮೊದಲ ದಿನ ಕೆಲಸಕ್ಕೆ ಬಂದವನಿಗೂ ನಾನು ಹೇಳಿಕೊಡೋದು ಅದನ್ನೇ, ಕಣ್ಣಿಗೆ ಕಂಡದ್ದನ್ನು ನಂಬಬೇಡ ಅಂತ. ನಾನೇ ನೋಡಲಿಲ್ಲ. ಉಳಿದ ಸೆಲ್ಲಲ್ಲಿ ವರ್ಕ್‌ಶಾಪಿನ ದೀಪಕ್ಕೆ ಒಂದು ಬ್ಯಾಟರಿ ಕಟ್ಟಿದ್ದೆ. ಹದಿನೈದು ದಿನದ ಹಿಂದೆ ಸುಮ್ಮನೆ ಕೂತಲ್ಲೇ ಹತ್ತಿಕೊಳ್ತು. ಆ ಗೋಡೆ ನೋಡಿದ್ರಲ್ಲ? ನೀರು ಹಾಕಿದರೂ ಆರಿದ ಹಾಗೆ ಕಂಡು ಮತ್ತೆ ಹತ್ತಿಕೊಳ್ಳುತ್ತೆ."

"ಸಿಸ್ಟರಿಗೆ ಹೇಳಬಹುದಿತ್ತು."

"ಸರ್ವಿಸಿಗೆ ಬಿಡಿ ಅಂತ ಎರಡು ಸಲ ಕೇಳಿದೆ. ಈಗ ಆಗಲ್ಲ, ಮಲಯಾಂಡಿ ಇದಾನೆ, ಈಸ್ಟರ್ ಆದ ಮೇಲೆ ನೋಡೋಣ ಅಂದ್ರು. ಅವರು ಅದನ್ನು ಚಾರ್ಜಿಗೆ ಹಾಕೋದು ಜಗುಲಿಯಲ್ಲಿ. ಜಗುಲಿಯ ಗೋಡೆಯಾಚೆ ಅವರ ಅಮ್ಮ ಮಲಗ್ತಾರೆ." ಆಶಾನ್ ಸೆಲ್ಲನ್ನು ಮೇಜಿನ ಮೇಲಿಟ್ಟರು. "ನಿಜ ಹೇಳಕ್ಕೆ ಬಾಯಿ ಬರಲಿಲ್ಲ ಸಾರ್. ಇಡೀ ಊರಿನ ಮುಂದೆ, ನನ್ನ ತ್ರೇಸ್ಯಾಳ ಹೆಸರಲ್ಲಿ ಕೊಟ್ಟಿದ್ದು. ಅದರ ಹೊಟ್ಟೆಯಲ್ಲಿ ಬೆಂಕಿ ಇದೆ ಅಂತ ಹೇಗೆ ಹೇಳಲಿ? ಹೊಸ ಸೆಲ್ ಬಂದ ತಕ್ಷಣ ಕಟ್ಟಿ, ಅವರ ಜಗುಲಿಯಲ್ಲಿ ನಿಲ್ಲಿಸಿ ಬರೋಣ ಅಂತಿದ್ದೆ."

"ಕೀ ಇದ್ದೂ ತಳ್ಳಿದ್ದು ಅದಕ್ಕೇನಾ?"

"ನನ್ನ ತೂಕ ಹೊತ್ತು ಏರು ಹತ್ತಿದರೆ ಸೆಲ್ ಬಿಸಿಯಾಗುತ್ತಲ್ಲ."

4.50ಕ್ಕೆ ಬಂಧನ ದಾಖಲಾಯಿತು. ಜಪ್ತಿ ಪಟ್ಟಿಗೆ ಆಶಾನ್ ತಾವೇ ಕನ್ನಡಕ ಹುಡುಕಿ ಹಾಕಿಕೊಂಡು ಸಹಿ ಹಾಕಿದರು.

5.35ಕ್ಕೆ ಸಾಲಿಕ್ಕುಟ್ಟಿ ಠಾಣೆಗೆ ಬಂದರು. ಸೀರೆಗೆ ಅಂಚಿನಿಂದ ಮೊಣಕಾಲಿನವರೆಗೆ ಕೆಂಪು ಮಣ್ಣು. ದಾರಿಯಲ್ಲೇ ಯಾರೋ ಸುದ್ದಿ ಹೇಳಿದ್ದರು. ರಹಿಯಾನತ್ ಕೊಟ್ಟ ನೀರು ಕುಡಿದು, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಆಶಾನಿನ ಎದುರು ನಿಂತರು.

"ಮಲಯಾಂಡಿ?" ಎಂದು ಆಶಾನ್ ನೆಲ ನೋಡುತ್ತಲೇ ಕೇಳಿದರು.

"ಎರಡು ಗಂಟೆ ತಡವಾಯ್ತು. ಚಾಪೆಯ ಅಂಚು ಕಚ್ಚಿಕೊಂಡು ಕಾಯ್ತಿದ್ದ. ಮಾತ್ರೆ ಹಿಡಿದ ಮೇಲೆ ಮೊದಲು ಅಂದಿದ್ದು ಏನು ಗೊತ್ತಾ? ನನ್ನಿಂದ ನಿಮಗೆ ನಡಿಗೆ ಆಯ್ತಲ್ಲ ಅಮ್ಮಾ ಅಂತ."

ಆಶಾನ್ ಅಂಗೈಯಲ್ಲಿ ಮುಖ ಒರೆಸಿಕೊಂಡರು.

"ಆಶಾನೇ, ತ್ರೇಸ್ಯಾಳ ಗಾಯ ಮಾಯಲ್ಲ ಅಂತ ನಿಮಗೆ ಹೇಳಿದ್ದು ಯಾರು?"

"ನೀವು."

"ನಾನು ಸುಳ್ಳು ಹೇಳಿದ್ನಾ? ಸಿಹಿ ಮಾಡಿ ಹೇಳಿದ್ನಾ?"

"ಇಲ್ಲ."

"ಅಂಥಾದ್ದನ್ನೇ ನೀವು ಕೇಳಿಸಿಕೊಂಡ್ರಿ. ನಾನು ಈ ನೂರು ಸೆಲ್ಲಿನ ಮಾತು ಕೇಳಿಸಿಕೊಳ್ತಿರಲಿಲ್ವಾ? ಒಂದೇ ಒಂದು ನಿಜ, ಆಶಾನೇ. ಅಷ್ಟು ಕೊಡಕ್ಕಾಗದೆ ಕಳ್ಳತನ ಮಾಡಿದ್ರಲ್ಲ, ಪೆದ್ದ ಮನುಷ್ಯಾ." ಅವರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ಅಮ್ಮ ಮಲಗೋ ಜಾಗ ನೆನಪಿಟ್ಟುಕೊಂಡಿದ್ರಿ. ದೊಡ್ಡ ಉಪಕಾರ."

ದೂರು ವಾಪಸ್ ಪಡೆಯುತ್ತೇನೆ ಎಂದರು. ಠಾಣೆಯಲ್ಲಿ ಅದಕ್ಕೆ ದಾರಿಯಿಲ್ಲ, ನ್ಯಾಯಾಲಯದಲ್ಲಿದೆ ಎಂದು ಸುಗತನ್ ತಿಳಿಸಿದರು. ಆಮೇಲೆ ಕ್ಯಾಂಟೀನಿನಿಂದ ಗಂಜಿ, ಹೆಸರುಕಾಳು ಪಲ್ಯ ತರಿಸಿದರು. ಆರೋಪಿ, ದೂರುದಾರೆ, ತನಿಖಾಧಿಕಾರಿ ಮೂವರೂ ಒಂದೇ ಮೇಜಿನಲ್ಲಿ ಉಂಡರು. ಇದನ್ನು ಕೇಸ್ ಡೈರಿಯಲ್ಲಿ ಬರೆಯಲಿಲ್ಲ.

ಮರುದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಮಾರ್ಚ್ ಮೊದಲ ವಾರ ಸ್ಕೂಟರನ್ನು ಒಡತಿಗೆ ಒಪ್ಪಿಸುವ ಆದೇಶವೂ ಬಂತು. ಅಲ್ಲಿಯವರೆಗೆ ಗುರುವಾರಗಳಂದು ಮೋರಿಯಿಂದ ಮೇಲಕ್ಕೆ ಮದ್ದಿನ ಚೀಲ ಹೊತ್ತವರು ಪೈಲಿ ಆಶಾನ್. ನರ್ಸ್ ಬರಿಗೈಯಲ್ಲಿ ಮುಂದೆ ನಡೆಯುತ್ತಿದ್ದರು. ಹೊಸ ಸೆಲ್ಲುಗಳು ಬಂದಾಗ ಆಶಾನ್ ಅವನ್ನು ಅವರ ಜಗುಲಿಗೇ ತಂದು, ಅವರೆದುರು ಒಂದೊಂದರ ಸಿಪ್ಪೆಯನ್ನೂ ಸುಲಿದು ತೋರಿಸಿ, ಮತ್ತೆ ಹೊದಿಸಿ ಕಟ್ಟಿದರು. ನಾಲ್ಕು ದಿನ ಹಿಡಿಯಿತು. ಕೇಸು ನ್ಯಾಯಾಲಯದ ಅನುಮತಿಯೊಂದಿಗೆ ರಾಜಿಯಲ್ಲಿ ಮುಗಿಯಿತು.

ಮರಳಿನ ಡ್ರಮ್ಮಿನಲ್ಲಿದ್ದ ಬ್ಯಾಟರಿಯನ್ನು ಪರೀಕ್ಷೆಗೆ ಕಳಿಸಿದ್ದರು. ಏಪ್ರಿಲ್ ಕೊನೆಗೆ ವರದಿ ಬಂತು: ಸೆಲ್ಲುಗಳು ಹಿಂದೆ ಬಳಸಿದಂಥವು, ಮುಂದೆ ಹೊತ್ತಿಕೊಳ್ಳುತ್ತಿದ್ದವೇ ಎಂದು ಖಚಿತವಾಗಿ ಹೇಳಲಾಗದು. ಸುಗತನ್ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದರು. ಆ ಜಗುಲಿಯಲ್ಲಿ ಬೆಂಕಿ ಏಳುತ್ತಿತ್ತೋ, ಇಲ್ಲವೇ ಆ ಹಳೇ ಸೆಲ್ಲುಗಳು ಇನ್ನೂ ಎಷ್ಟೋ ವರ್ಷ ಸುಮ್ಮನೆ ಬೆಟ್ಟ ಹತ್ತುತ್ತಿದ್ದವೋ, ಮಲಯಾಂಡಿಯ ಆ ಎರಡು ಗಂಟೆಯ ನೋವು ಯಾವುದಕ್ಕಾದರೂ ಸಂದಿತೋ, ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.