ಒಂದು ಚಿಟಿಕೆ ನವಣೆ

ಗಡಿಗೆಯ ತಳಕ್ಕೆ ಬೂದಿ, ಅದರ ಮೇಲೆ ನವಣೆ ಬೀಜ, ಮೇಲೊಂದು ಪದರ ಬೇವಿನೆಲೆ. ಇನ್ನು ಬಾಯಿಗೆ ಸಗಣಿಮಣ್ಣು ಮೆತ್ತುವುದಷ್ಟೇ ಬಾಕಿ. ಮಂಗಲಾ ಮಣ್ಣು ನಾದುತ್ತಿದ್ದಳು, ಕಿವಿ ಮಾತ್ರ ಬುರುಜಿನ ಕಡೆಗಿತ್ತು. ಮಿಲಿಂದ್ ಅಲ್ಲಿ ಕೊನೆಯ ಸಲ ಗೋಡೆ ಅಳೆಯುತ್ತಿದ್ದ. ಟೇಪು ಸರ್ರನೆ ಸುತ್ತಿಕೊಂಡಾಗಲೆಲ್ಲ ಅವಳ ಕೈ ನಿಧಾನವಾಗುತ್ತಿತ್ತು.

ನಾರಾಯಣಖೇಡದ ಆಚೆಯ ಈ ಊರಿಗೆ ಅವನು ಬಂದದ್ದು ಹಳೆಯ ಗಢಿಯ, ಅಂದರೆ ಕೋಟೆಮನೆಯ, ರಿಪೇರಿಗೆ ನಕ್ಷೆ ಬರೆಯಲು. ತಾಂಡೂರಿನ ಇಂಜಿನಿಯರ್. ಮೊದಲ ದಿನವೇ ಎಡವಟ್ಟು ಮಾಡಿಕೊಂಡ. ಗಢಿಯೊಳಗಿನ ಬೀಜದ ಕೋಣೆಗೆ ಬಂದವನು ಮೊರದಿಂದ ಒಂದು ಚಿಟಿಕೆ ನವಣೆ ತೆಗೆದು ಬಾಯಿಗೆ ಹಾಕಿಕೊಂಡ.

ಬೀಜ ಕಾಯುವ ಸಂಘದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಅಲ್ಲಿ ಬೀಜವನ್ನು ಯಾರೂ ತಿನ್ನುವುದಿಲ್ಲ, ಮಾರುವುದೂ ಇಲ್ಲ. ಒಯ್ದವರು ಬಿತ್ತಿ ಬೆಳೆದು, ಎರಡರಷ್ಟು ತಂದು ಗಡಿಗೆಗೆ ಹಾಕಬೇಕು. ಹಿರಿಯಳಾದ ಶಕುಂತಲಾಬಾಯಿ ಇದನ್ನು ಹೇಳಿದಾಗ ಅವನು ಗಾಬರಿಯಾಗಿ ಜೇಬಿಗೆ ಕೈ ಹಾಕಿದ.

"ರೊಕ್ಕ ಬ್ಯಾಡ್ರಿ ಸಾಹೇಬ್ರ, ಬೆಳದು ಕೊಡ್ರಿ," ಎಂದು ಮಂಗಲಾ ನಕ್ಕುಬಿಟ್ಟಳು. ಗಂಡ ತೀರಿಕೊಂಡ ಮೇಲೆ ಹಾಗೆ ನಕ್ಕದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಆಮೇಲೆ ಅವನಿಗೆ ದಿನವೂ ಬಾಯಾರಿಕೆ. ನೀರು ಕುಡಿಯುವ ನೆವದಲ್ಲಿ ಹೊಸ್ತಿಲಲ್ಲಿ ಕೂತು ಗಢಿಯ ಕಥೆ ಹೇಳುತ್ತಿದ್ದ. ದೇಶಮುಖರು ಕಟ್ಟಿಸಿದ್ದು, ನಿಜಾಮರ ಕಾಲಕ್ಕೆ ಕಚೇರಿಯಾಯಿತು, ಆಮೇಲೆ ಜೈಲು. ಮುಂದಿನದನ್ನು ಅವಳು ಹೇಳುತ್ತಿದ್ದಳು. ಜೈಲು ಹುಡುಗಿಯರ ಸಾಲೆಯಾಯಿತು, ಕೈದಿಗಳ ಕೋಣೆಯಲ್ಲೇ ತಾನು ಮಗ್ಗಿ ಕಲಿತದ್ದು. ಸಾಲೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಅದು ಬೀಜದ ಮನೆ.

"ಈ ಕಿಂಡಿ ಬಂದೂಕಿಗೆ ಮಾಡ್ಯಾರ," ಎಂದ ಒಮ್ಮೆ, ಗೋಡೆ ಸವರುತ್ತ.

"ಇಲ್ರಿ, ನಮ್ಮ ಬುತ್ತಿ ಇಡಾಕ ಮಾಡ್ಯಾರ."

ಅವನು ನಗುತ್ತ ಕಿಂಡಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಬಿಸಿಲು ಅವಳ ಹಣೆಯ ವಿಭೂತಿಯ ಮೇಲೆ ಬಿದ್ದಿತ್ತು. ಅವಳು ಸೆರಗು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇದ್ದರೂ.

"ಖಾಲಿ ಬಿಟ್ಟ ಗಢಿ ಎಲ್ಲಾ ಬಿದ್ದು ಹೋಗ್ಯಾವ. ಇದು ಯಾಕ ನಿಂತದ ಅಂದ್ರ, ಒಬ್ಬರು ಹೋದ ಮ್ಯಾಲ ಇನ್ನೊಬ್ಬರು ಬಂದು ದೀಪ ಹಚ್ಚ್ಯಾರ," ಎಂದ. ಹೆಂಡತಿ ಇಲ್ಲದ ತನ್ನ ಮನೆಯ ಮಾತು ಅವನು ಒಮ್ಮೆ ಮಾತ್ರ ಆಡಿದ್ದ. ಆದರೂ ಆ ದಿನ ಅವನು ಹೇಳಿದ್ದು ಗೋಡೆಗಳ ವಿಚಾರವಷ್ಟೇ ಅಲ್ಲ ಎಂದು ಅವಳಿಗೆ ಅನಿಸಿತು. ರೊಟ್ಟಿ ಬಡಿಯುವಾಗಲೂ ಆ ಮಾತೇ ಮನಸ್ಸಿನಲ್ಲಿತ್ತು.

ಈಗ ಅವನು ಬುರುಜಿನಿಂದ ಇಳಿದು ಬಂದ. ಬ್ಯಾಗು ಹೆಗಲಲ್ಲೇ ಇತ್ತು. ಇವತ್ತು ನೀರು ಕೇಳಲಿಲ್ಲ.

"ನಾ ತಿಂದ ನವಣಿ ಇನ್ನೂ ಬಾಕಿ ಅದ, ಮಂಗಲಾಬಾಯಿ."

"ಹೌದ್ರಿ, ಅದ."

"ನನಗ ಹೊಲ ಇಲ್ಲ. ಮಾಳಗಿ ಮ್ಯಾಲ ಎರಡು ಖಾಲಿ ಹೂಕುಂಡ ಅವ. ಬಿತ್ತಾಕ ಬರಂಗಿಲ್ಲ." ಅವನು ದನಿ ತಗ್ಗಿಸಿದ. "ಜೂನ್‌ದಾಗ ಮಿರಗದ ಮಳಿ ಬಿದ್ದಾಗ ತೋರ್ಸಾಕ ಬರ್ತೀರೇನ್ರಿ? ಬಂದ್ರ, ತಿರುಗಿ ಹೋಗ್ರಿ ಅಂತ ನಾ ಅನ್ನಂಗಿಲ್ಲ."

ಬಾಗಿಲಲ್ಲಿ ಶಕುಂತಲಾಬಾಯಿ ನವಣೆ ಕೇರುತ್ತಿದ್ದಳು. ಮೊರದ ಸದ್ದು ನಿಂತಿತ್ತು. ಮಂಗಲಾ ತಲೆ ಎತ್ತಲಿಲ್ಲ. ಮಣ್ಣು ಅಂಟಿದ ಬೆರಳುಗಳನ್ನೇ ನೋಡುತ್ತ ಕೂತಳು. ಅವನು ಕಾದ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆದಾಗ, "ಬರ್ತೀನ್ರಿ," ಎಂದು ಹೊರಟ.

ಗಢಿಯ ಹೆಬ್ಬಾಗಿಲು ದಾಟುವಾಗ ಅವನ ಹೆಜ್ಜೆ ಒಂದು ಗಳಿಗೆ ನಿಂತದ್ದು ಅವಳಿಗೆ ಕೇಳಿಸಿತು.

"ಏನ್ ಮಹಾ, ಒಂದು ಚಿಟಿಗಿ. ಬಾಕಿ ಬಿಟ್ಟಬಿಡು, ತಂಗಿ," ಎಂದಳು ಶಕುಂತಲಾಬಾಯಿ. ದನಿಯಲ್ಲಿ ಗದರಿಕೆ ಇರಲಿಲ್ಲ. ಮಂಗಲಾ ಹೂಂ ಎಂದಳು.

ಮೊರದ ಸದ್ದು ಮತ್ತೆ ಶುರುವಾಯಿತು. ಆಗ ಮಂಗಲಾ ಕೈ ಒರೆಸಿಕೊಂಡು ಬೇವಿನೆಲೆ ಸರಿಸಿದಳು. ಒಂದು ಹಿಡಿ ನವಣೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಒಯ್ದವರು ಬೆಳೆದು ತಂದು ಕೊಡಲೇಬೇಕು. ಇನ್ನು ಬಾಕಿ ಅವಳದೂ ಇತ್ತು, ಅದು ತಾಂಡೂರಿನ ಮಾಳಿಗೆಯ ಮೇಲೆ ಮೊಳೆಯಬೇಕಿತ್ತು.

ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ಗಡಿಗೆಯ ಬಾಯಿಗೆ ಮಣ್ಣು ಮೆತ್ತತೊಡಗಿದಳು.